ಷಡ್ಡಕ ಸರಿ ಮಾಡಿದ ಬಾಗಿಲು

ನಮ್ಮ ಮನೆಯಲ್ಲಿ ರಿಪೇರಿ ಅಂದರೆ ನಾನು. ಮಿಕ್ಸಿ, ನಲ್ಲಿ, ಫ್ಯಾನು, ಯಾವುದಕ್ಕೂ ಹೊರಗಿನವರನ್ನು ಕರೆದವನಲ್ಲ. ‘ನಮ್ಮನೇವ್ರು ಕೈಯಿಟ್ರೆ ಮುಗೀತು ಬುಡಿ’ ಅಂತ ನನ್ನವಳು ನಾಗಮಂಗಲದ ನಮ್ಮ ಬೀದಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು. ಅದನ್ನು ಕೇಳಿದ ದಿನ ನನಗೆ ಎರಡು ಮುದ್ದೆ ಜಾಸ್ತಿ ಸೇರುತ್ತಿತ್ತು, ಸುಳ್ಳೇಕೆ ಹೇಳಲಿ.

ಆ ಹೆಸರಿಗೆ ಕುತ್ತು ಬಂದದ್ದು ಬಟ್ಟೆ ಬೀರುವಿನ ಬಾಗಿಲಿನಿಂದ. ಎರಡು ಹಲಗೆ ಮಡಚಿಕೊಂಡು ಪಕ್ಕಕ್ಕೆ ಸರಿಯುವ ಬಾಗಿಲು ಅದು. ಮೇಲಿನ ಟೊಳ್ಳು ಕಂಬಿಯೊಳಗೆ ಬಾಗಿಲಿನ ಸಣ್ಣ ಚಕ್ರ ಓಡಬೇಕು. ಓಡದೆ ಕಿರುಗುಟ್ಟತೊಡಗಿತು. ನಮ್ಮಪ್ಪ ಗಾಡಿಯ ಅಚ್ಚಿಗೆ ಹರಳೆಣ್ಣೆ ಬಿಡುತ್ತಿದ್ದುದನ್ನು ನೋಡಿ ಬೆಳೆದವನು ನಾನು. ಕಂಬಿಗೂ ಧಾರಾಳವಾಗಿ ಸುರಿದೆ. ಸ್ವಲ್ಪ ದಿನಕ್ಕೇ ಬೀದಿಯ ಧೂಳೆಲ್ಲ ಅಲ್ಲಿ ಅಂಟಿ, ಚಕ್ರ ಕಚ್ಚಿಕೊಂಡು, ಬಾಗಿಲು ಓರೆಯಾಗಿ ನಿಂತಿತು. ನನ್ನವಳು ಎರಡು ತಿಂಗಳು ಭುಜ ಕೊಟ್ಟು ಎತ್ತಿ ಎತ್ತಿ ಮುಚ್ಚಿದಳು. ಕಡೆಗೆ ನನಗೊಂದು ಮಾತೂ ಹೇಳದೆ ಅವಳ ಅಕ್ಕನ ಗಂಡನಿಗೆ ಫೋನು ಮಾಡಿದಳು.

ಷಡ್ಡಕ ಭಾನುವಾರ ಸಿಂಧಘಟ್ಟದಿಂದ ಬೈಕಿನಲ್ಲಿ ಬಂದ. ಕಂಬಿಯೊಳಗೆ ಬೆರಳಾಡಿಸಿ, ಮೂಸಿ ನೋಡಿ ನಕ್ಕ.

‘ಏನ್ಲಾ ಇದು, ಎತ್ತಿನ ಗಾಡಿ ಅನ್ಕಂಬುಟ್ಯಾ?’

ಪೆಟ್ರೋಲು ಅದ್ದಿದ ಬಟ್ಟೆಯಿಂದ ಒರೆಸಿದ. ಮೂಲೆಯ ಸ್ಕ್ರೂ ಸಡಿಲಿಸಿ, ಬಾಗಿಲನ್ನು ಗೋಡೆಯ ಕಡೆಗೆ ಚೂರು ಸರಿಸಿ ಬಿಗಿ ಮಾಡಿದ. ಅಷ್ಟೇ! ಒಂದು ಬೆರಳಲ್ಲಿ ತಳ್ಳಿದರೆ ಸರ್ರನೆ ಹೋಯಿತು. ಅವನು ಬಳಸಿದ ಸ್ಕ್ರೂಡ್ರೈವರೂ ನನ್ನದೇ! ಊಟಕ್ಕೆ ನಾಟಿಕೋಳಿ ಸಾರು. ತೊಡೆಯ ತುಂಡು ಅವಳ ಭಾವನ ತಟ್ಟೆಗೆ ಬಿತ್ತು, ನನಗೆ ಕತ್ತು. ‘ಇನ್ನೊಸಿ ಉಣ್ಣಿ ಭಾವ, ನೀವಿಲ್ದಿದ್ರೆ ಆಯ್ತಿರ್ನಿಲ್ಲ’ ಅಂತ ಅವಳು ಬೇರೆ!

ಮಾರನೇ ಬೆಳಿಗ್ಗೆ ಅವಳು ಹಾಲು ತರಲು ಹೊರಟ ಕೂಡಲೇ ಸ್ಟೂಲು ಹತ್ತಿದೆ. ಅದೇ ಸ್ಕ್ರೂ ಸಡಿಲಿಸಿ ಬಾಗಿಲನ್ನು ಮೊದಲಿದ್ದ ಕಡೆಗೇ ಎಳೆದುಬಿಟ್ಟೆ. ಅವಳು ಬಂದು ಸೀರೆ ತೆಗೆಯಲು ಹೋದರೆ ಬಾಗಿಲು ಅರ್ಧಕ್ಕೆ ಕಚ್ಚಿಕೊಂಡಿತು.

‘ನೋಡ್ದಾ ನಿನ್ ಭಾವನ ಕೆಲ್ಸ? ಒಂದಿನ ತಡೀನಿಲ್ಲ!’ ಎಂದೆ.

ಅವಳು ತಿರುಗಿದಳು. ‘ಪಾತ್ರೆ ಮರ್ತು ವಾಪಸ್ ಬಂದಿದ್ದೆ ಕಣ್ರೀ. ನೀವು ಸ್ಟೂಲ್ ಮೇಲೆ ನಿಂತಿದ್ದುದ್ನ ಕಿಟಕೀಲಿ ನೋಡ್ದೆ.’

ಅವಳೇ ಸ್ಟೂಲು ಎಳೆದು ತಂದಿಟ್ಟಳು. ‘ಮೇಲತ್ತಿ. ಭಾವ ಇಟ್ಟಿದ್ದಂಗೆ ಸರ್ಸಿ.’

ಹತ್ತಿದೆ, ಸರಿಸಿದೆ, ಬಿಗಿ ಮಾಡಿದೆ. ಅವಳು ತಳ್ಳಿ ನೋಡಿ, ಸೀರೆ ತೆಗೆದುಕೊಂಡು ಹೋದಳು.

ಸಂಜೆ ಅವಳ ಅಕ್ಕ ಫೋನು ಮಾಡಿ ಬಾಗಿಲು ಹೇಗಿದೆ ಅಂತ ವಿಚಾರಿಸಿದಳು. ನಾನು ಅಲ್ಲೇ ಪಕ್ಕದಲ್ಲಿ ಕೂತಿದ್ದೆ.

‘ಬೆಳಿಗ್ಗೆ ಒಸಿ ಕಚ್ಕೊಂಡಿತ್ತು ಕಣಕ್ಕ’ ಎಂದಳು ನನ್ನವಳು, ‘ನಮ್ಮನೇವ್ರೇ ಸರಿ ಮಾಡುದ್ರು.’

ನನಗೆ ಬೇಕಾಗಿದ್ದದ್ದು ಅದೇ ಮಾತು. ಅದನ್ನು ಕೇಳಿ ನಾನು ತಲೆ ಎತ್ತಲಿಲ್ಲ.