ಹರಗೋಲಿನ ಕೆಳಗೆ ಮಲಗಿದ ಜಮಾದಾರರು

ಸುರಪುರ ಸೀಮೆಯಲ್ಲಿ ಕೃಷ್ಣೆಯನ್ನು ಹರಗೋಲಿನಲ್ಲಿ ದಾಟಿ ಆಚೆ ದಡದಲ್ಲಿ ಸುಖವಾಗಿ ಇಳಿದವರೆಲ್ಲರೂ, ತಿಳಿದೋ ತಿಳಿಯದೆಯೋ, ದಡದ ಜಮಾದಾರರಾದ ಶ್ರೀ ಮರಿಲಿಂಗಪ್ಪನವರ ಋಣದಲ್ಲಿದ್ದಾರೆ. ಮೂವತ್ತು ವರ್ಷ ಸರ್ಕಾರಿ ದಡವನ್ನು ಕಾಯ್ದು, ಸರ್ಕಾರಿ ಕಂದಾಯದ ಲೆಕ್ಕದ ಈ ಫಸಲಿ ವರ್ಷ ೧೩೫೫ರಲ್ಲಿ ಅವರು ನಿವೃತ್ತರಾಗುತ್ತಿರುವಾಗ, ಹದಿನೈದು ವರ್ಷ ಅವರ ಕೈಕೆಳಗೆ ಮುನ್ಷಿಯಾಗಿದ್ದ ನನಗೆ ಬೀಳ್ಕೊಡುಗೆಯ ಪುಸ್ತಕಕ್ಕೆ ನಾಲ್ಕು ಮಾತು ಬರೆಯುವ ಭಾಗ್ಯ ಬಂದಿದೆ. ಅಪ್ಪಣೆ ಕೇಳಲು ಹೋದಾಗ ಅವರು ಹಾಕಿದ ಷರತ್ತಿಗೆ ಮಾತ್ರ ನಾನು ದಂಗಾಗಿಹೋದೆ.

“ಕರೆಮ್ಮನ ಕೂಸಿನ ಸಂಗತಿ ಬರೀತೇನಿ ಅಂದ್ರ ನನ್ನ ಬಗ್ಗೆ ಬರೀರಿ ಮುನ್ಷಿಯವರ. ಇಲ್ಲಾಂದ್ರ ಬ್ಯಾಡ.”

ಹೊಗಳಿಕೆಯ ಪುಸ್ತಕದಲ್ಲಿ ತಮ್ಮ ತಪ್ಪನ್ನು ಬರೆಸಿಕೊಳ್ಳುವವರನ್ನು ನಾನು ಕಂಡಿಲ್ಲ. ಆದರೂ ಅವರ ಮಾತಿನಂತೆ ಬರೆಯುತ್ತಿದ್ದೇನೆ.

ನಾನು ಶಹಾಪುರದ ಗುಡ್ಡದ ಬುಡದವನು. ಹೊಳೆಯ ನೌಕರಿಗೆ ಬಂದರೂ ಈಜು ಬರುತ್ತಿರಲಿಲ್ಲ. ಇದನ್ನು ಕೇಳಿ ನಗದೆ, ಒಣಗಿದ ಸೋರೆ ಬುರುಡೆಗಳನ್ನು ನನ್ನ ಸೊಂಟಕ್ಕೆ ಕಟ್ಟಿ, ಒಂದು ತಿಂಗಳು ದಿನವೂ ನೀರಿಗಿಳಿಸಿ ಕಲಿಸಿದವರು ಅವರು. ಪ್ರತಿ ಮುಂಜಾನೆ ಹರಗೋಲುಗಳನ್ನು ನಾಲ್ಕು ಕಲ್ಲಿನ ಮೇಲೆ ಏರಿಸಿ, ಒಳಗೆ ನೀರು ತುಂಬಿಸಿ, ತಾವು ಕೆಳಗೆ ಉಸುಕಿನಲ್ಲಿ ಅಂಗಾತ ಮಲಗುತ್ತಿದ್ದರು. ಮುಖದ ಮೇಲೆ ಒಂದೇ ಹನಿ ಬಿದ್ದರೂ ಆ ಹರಗೋಲು ಅಂದು ಹೊಳೆಗೆ ಇಳಿಯುತ್ತಿರಲಿಲ್ಲ. ಅವರ ಕಾಲದಲ್ಲಿ ಒಬ್ಬರೂ ಮುಳುಗಲಿಲ್ಲ.

ಆದರೆ ಅವರ ಕಣ್ಣು ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ. ಅಂಚಿನ ಬಿದಿರ ದಬ್ಬೆಗಳು ಒಂದೇ ಸಮ ಕಾಣಬೇಕು. ಬೆರಳಷ್ಟು ಏರುಪೇರಾದರೂ ಬಿಚ್ಚಿ ಕಟ್ಟಿಸುತ್ತಿದ್ದರು. ಅಂಬಿಗರು ಗೊಣಗುತ್ತಿದ್ದರು, ನಾನು ಒಳಗೊಳಗೇ ನಗುತ್ತಿದ್ದೆ.

ಫಸಲಿ ೧೩೪೭ರ ಮಳೆಗಾಲದಲ್ಲಿ ಆ ನಗು ಸತ್ತುಹೋಯಿತು. ಹೊಳೆಯ ನಡುವಿನ ಗಡ್ಡೆಯ ಜನ ಕಷ್ಟವಿದ್ದರೆ ಒಂದು ಬಿಳಿ ಬಟ್ಟೆ, ಜೀವಕ್ಕೇ ಅಪಾಯವಿದ್ದರೆ ಎರಡು ಬಟ್ಟೆ ಬೀಸುವುದು ರೂಢಿ. ಅಂದು ಮಧ್ಯಾಹ್ನ ಎರಡು ಬಟ್ಟೆ ಕಂಡವು. ನಮ್ಮ ಅಂಬಿಗ ಹುಲಗಪ್ಪನ ಹೆಂಡತಿ ಕರೆಮ್ಮ ಅಲ್ಲಿ ಚೊಚ್ಚಲ ಹೆರಿಗೆಯಲ್ಲಿ ನರಳುತ್ತಿದ್ದಳು. ಸೂಲಗಿತ್ತಿ ಜೈತುನಬೀ ಓಡಿ ಬಂದಳು. ಆ ಹೊತ್ತಿಗೆ ದಡದಲ್ಲಿದ್ದ ಒಂದೇ ಹರಗೋಲಿನ ಕೆಳಗೆ ಜಮಾದಾರರು ಮಲಗಿ ನೋಡಿದರು, ಹನಿ ಬೀಳಲಿಲ್ಲ. ಎದ್ದವರೇ ಅಂಚನ್ನು ನೋಡಿ, ಬಿಚ್ಚಿ ಕಟ್ಟಿರೆಂದರು. ಕಟ್ಟು ಬಿಗಿಯಾಗಿಯೇ ಇತ್ತು, ದಬ್ಬೆ ಮಾತ್ರ ಸೊಟ್ಟಗಿತ್ತು.

“ಹೊಳಿ ಏರಾಕತ್ತೈತ್ರಿ,” ಎಂದಳು ಜೈತುನಬೀ. “ಅಂಚು ಸೊಟ್ಟಿದ್ರ ಏನಾಗತೈತಿ?”

“ನನ್ನ ಕಣ್ಣಿಗೆ ಸೇರೂದಿಲ್ಲ,” ಎಂದರು ಅವರು.

ಹೊಳೆಗಲ್ಲ, ಕಣ್ಣಿಗೆ! ಆದರೂ ನಾನು ತಡೆಯಲಿಲ್ಲ. ಅವರ ಅಪ್ಪಣೆ ಮೀರುವ ರೂಢಿ ಯಾರಿಗೂ ಇರಲಿಲ್ಲ. ಹುಲಗಪ್ಪ ಹುಟ್ಟು ಹಿಡಿದು ನಿಂತೇ ಇದ್ದ. ಕಟ್ಟಿ ಮುಗಿಯುವಷ್ಟರಲ್ಲಿ ಬುಡಮೇಲಾದ ಮರಗಳನ್ನು ಹೊತ್ತು ಹೊಳೆ ಉಕ್ಕಿ ಬಂತು. ದಾಟಲು ಸಾಧ್ಯವಾದದ್ದು ಮರುದಿನ. ಕರೆಮ್ಮ ಉಳಿದಳು, ಕೂಸು ಉಳಿಯಲಿಲ್ಲ.

ಅಂದಿನಿಂದ ಜಮಾದಾರರು ಯಾವ ಅಂಚನ್ನೂ ಮುಟ್ಟಲಿಲ್ಲ. ಕೆಳಗೆ ಮಲಗುವುದನ್ನು ಮಾತ್ರ ಜ್ವರ ಬಂದ ದಿನವೂ ಬಿಡಲಿಲ್ಲ. ಯಾವುದು ಹೊಳೆಗೆ ಬೇಕು, ಯಾವುದು ತಮ್ಮ ಕಣ್ಣಿಗೆ ಬೇಕು ಎಂಬುದನ್ನು ಅಷ್ಟು ದೊಡ್ಡ ಬೆಲೆ ತೆತ್ತು ಕಲಿತರು. ತೆತ್ತವರು ಬೇರೆಯವರು ಎಂಬುದನ್ನೂ ಮರೆಯಲಿಲ್ಲ. ಹುಲಗಪ್ಪ ಎಂಟು ವರ್ಷ ಅವರೊಡನೆ ಮಾತಾಡಲಿಲ್ಲ.

ಮೊನ್ನೆ ಅವರ ಕೊನೆಯ ಕೆಲಸದ ದಿನ, ಹುಲಗಪ್ಪ ತನ್ನ ಹರಗೋಲನ್ನು ಕಲ್ಲಿನ ಮೇಲೇರಿಸಿ ನೀರು ತುಂಬಿಸಿದ್ದ. ಪಕ್ಕದಲ್ಲಿ ಕರೆಮ್ಮ ಎಳೆಗೂಸನ್ನೆತ್ತಿಕೊಂಡು ನಿಂತಿದ್ದಳು.

“ಹೊಸಾ ಜಮಾದಾರ್ರು ನೋಡ್ಯಾರ,” ಎಂದ ಹುಲಗಪ್ಪ. “ಆದ್ರೂ ನೀವೊಮ್ಮಿ ಮಲಗಿ ನೋಡ್ರಿ. ಕೂಸು ಕರಕೊಂಡು ಹೊಂಟೇನಿ.”

ಅವರು ರುಮಾಲು ತೆಗೆದಿಟ್ಟು ಉಸುಕಿನಲ್ಲಿ ಮಲಗಿದರು. ಬಹಳ ಹೊತ್ತು ಏಳಲಿಲ್ಲ. ಎದ್ದಾಗ ಮುಖ ಒದ್ದೆಯಾಗಿತ್ತು. ಗಾಬರಿಯಾಗಿ ನಾನು ಬಗ್ಗಿ ಹರಗೋಲಿನ ತಳ ಮುಟ್ಟಿ ನೋಡಿದೆ. ತೊಗಲು ಒಣಗಿಯೇ ಇತ್ತು.

ಶ್ರೀಯುತರು ನೂರ್ಕಾಲ ಬಾಳಲಿ. ಪದವಿ ಬಿಟ್ಟರೂ ಮುಂಜಾನೆ ದಡಕ್ಕೆ ಬರುವುದನ್ನು ಬಿಡದಿರಲಿ. ಹುಲಗಪ್ಪ ನಾಳೆಯೂ ಹೊಳೆ ದಾಟಬೇಕಾಗಿದೆ.