ಕೊಂಬು ಹಿಡಿದ ರಾಗ್ನಾ
ಅಮೆರಿಕದ ನಮ್ಮ ಡುಲೂತ್ ಊರಿನಲ್ಲಿ ಓಡಿನ್, ಥೋರ್ ಮುಂತಾದ ಉತ್ತರ ಯುರೋಪಿನ ಹಳೆಯ ದೇವರುಗಳನ್ನು ನಂಬುವ ಪುಟ್ಟ ಬಳಗವೊಂದಿದೆ. ಅದಕ್ಕೆ ರಾಗ್ನಾ ಆಮುಂಡ್‌ಸನ್ನಳೇ ಯಜಮಾನಿ, ಅವಳೇ ಪೂಜಾರಿ, ಅಡುಗೆಯೂ ಅವಳದೇ. ಶಾಲೆಯ ಬಸ್ಸು ಓಡಿಸಿ, ಮಕ್ಕಳನ್ನು ಗದರಿಸಿ ಪಳಗಿದ ಗಂಟಲು. ಅವಳು ಥೋರನನ್ನು ಕರೆದರೆ ಸರೋವರದ ಆಚೆ ದಡದ ನಾಯಿಗಳು ಎದ್ದು ಕೂರುತ್ತವೆ. ಜೇನಿನ ಮದ್ಯ ತುಂಬಿದ ಕೊಂಬು ಕೈಯಿಂದ ಕೈಗೆ ದಾಟುವಾಗ ಯಾರಾದರೂ ಬರೀ ತುಟಿ ಒದ್ದೆ ಮಾಡಿಕೊಂಡರೆ, "ಏನಪ್ಪಾ, ಕೆಮ್ಮಿನ ಔಷಧಿ ಕುಡೀತಿದ್ದೀಯಾ?" ಎನ್ನುತ್ತಾಳೆ. ಹೊಸಬರು ಬಂದರೆ ಊರು, ಕುಲ ವಿಚಾರಿಸುವವಳಲ್ಲ. ತಟ್ಟೆ ಕೊಟ್ಟು, ಮೀನು ಬಡಿಸಿ, ಇನ್ನಷ್ಟು ಬಡಿಸುತ್ತಾಳೆ. ಕಳೆದ ಚಳಿಗಾಲದ ಹಬ್ಬಕ್ಕೆ ಲವೋನ್ ಎಂಬ ಕಪ್ಪು ಹೆಂಗಸು ಮೊದಲ ಸಲ ಬಂದಿದ್ದಳು. ಕೊಂಬು ಹಿಡಿದವರು ತಮ್ಮ ಹಿರಿಯರೊಬ್ಬರ ಹೆಸರು ಹೇಳಿ, ಎಲ್ಲರೂ ಅದನ್ನು ಕೂಗಿ ನೆನೆಯುವ ಸುತ್ತಿನಲ್ಲಿ ಕೊಂಬು ಅವಳ ಹತ್ತಿರ ಬರುತ್ತಿದ್ದಂತೆ ಗಡ್ಡದ ಗಂಡಸೊಬ್ಬ ಎದ್ದು, "ಇವು ಬಿಳಿಯರ ದೇವರು. ಇವಳಿಗೇನು ಕೆಲಸ ಇಲ್ಲಿ?" ಎಂದ. ರಾಗ್ನಾ ಅವನ ಕೋಟು ತಂದು ಕೈಗಿಟ್ಟು ಬಾಗಿಲು ತೆಗೆದಳು. ಅವನು ಕೋಟು ಹಿಡಿದು ಅಲ್ಲೇ ನಿಂತ. "ಅಕ್ಕಾ, ನಾನು ನಿನ್ನ ಒಡಹುಟ್ಟಿದವನು ಕಣೇ. ನಿನ್ನದೇ ರಕ್ತ." "ರಕ್ತ ನೋಡಿ ಒಳಗೆ ಕರ್ಕೊಳ್ಳೋದು ನಿಮ್ಮ ಆ ಬಿಳಿಯರ ಗುಂಪು, ಅಲ್ಲಿಗೇ ಹೋಗು. ಆ ಮಾತು ಬಿಟ್ಟ ದಿನ ಬಾ, ನಾನೇ ಬಡಿಸ್ತೀನಿ." ಅವನು ಹೊರಟ ಮೇಲೆ ಬಾಗಿಲು ಮುಚ್ಚಿ, ನಮಗೆ ಬೆನ್ನು ಹಾಕಿ ಕಣ್ಣೊರೆಸಿಕೊಂಡಳು. ಆಮೇಲೆ ಬಂದು ಲವೋನಳ ಕೈಗೆ ಕೊಂಬು ಕೊಟ್ಟಳು. "ಹೇಳು ತಾಯಿ, ನಿಮ್ಮ ಹಿರಿಯರು ಯಾರು?" "ನನ್ನಜ್ಜಿ, ಒಟೀಲಿಯಾ," ಎಂದಳು ಲವೋನ್. "ಒಟೀಲಿಯಾ!" ಎಂದು ಕೂಗುತ್ತಾ ನಾವೆಲ್ಲ ಎದ್ದು ನಿಂತೆವು.