ಕಲ್ಲಿನ ಹೆಸರು

ಪುಣೆಯಿಂದ ದೌಂಡಕ್ಕೆ ಹೊರಟ ರೈಲಿನಲ್ಲಿ ಎದುರು ಕೂತಿದ್ದ ಅಪರಿಚಿತ ಅಜ್ಜಿ ನನ್ನ ಹಸುಗೂಸಿನ ಹೆಸರು ಕೇಳಿದರು. “ಚಿರಾಯು,” ಎಂದೆ. ದೀರ್ಘಾಯುಷಿ ಎಂಬ ಅರ್ಥ ನೋಡಿಯೇ ಇಟ್ಟಿದ್ದೆವು. ಅಜ್ಜಿ ತಲೆ ಅಲ್ಲಾಡಿಸಿದರು.

“ಬ್ಯಾಡ ತಂಗಿ, ಧೋಂಡು ಅಂತ ಕರಿ. ಮರಾಠಿಯೊಳಗ ಧೋಂಡಾ ಅಂದ್ರ ಕಲ್ಲು. ಕಲ್ಲನ್ನ ಯಾರೂ ಎತ್ಕೊಂಡು ಹೋಗಂಗಿಲ್ಲ. ಮೊದಲಿನ ಇಬ್ಬರಿಗೂ ಹಿಂಗ ಚಂದನ್ನ ಹೆಸರು ಇಟ್ಟಿದ್ದಿ, ಹೌದಲ್ಲ?”

ಹುಟ್ಟಿದ ಕೆಲವೇ ದಿನಗಳಲ್ಲಿ ಕಳೆದುಕೊಂಡ ಆ ಇಬ್ಬರು ಗಂಡುಮಕ್ಕಳ ವಿಷಯ ಭೋಸರಿಯ ನಮ್ಮ ನೆರೆಯವರಿಗೂ ಗೊತ್ತಿರಲಿಲ್ಲ.

“ನಿಮಗ ಯಾರು ಹೇಳಿದ್ರು, ಆಯಿ?”

ಅಜ್ಜಿ ನನ್ನ ಪಕ್ಕದ ಖಾಲಿ ಸೀಟಿನತ್ತ ನೋಡಿ ಅಕ್ಕರೆಯಿಂದ ನಕ್ಕರು.

ಈಗ ಮಗ ಶಾಲೆಗೆ ಹೋಗುತ್ತಾನೆ. ಅಲ್ಲಿ ಅವನು ಚಿರಾಯು. ಆ ಹೆಸರು ಹಿಡಿದು ಕರೆಯಲು ನನಗೆ ಮಾತ್ರ ಇಂದಿಗೂ ಧೈರ್ಯವಿಲ್ಲ.